ಕನ್ನಡಕದೊಳಗಿನ ಬಲಗೈ

ಹುನಗುಂದ

ಲಕ್ವಾ ಹೊಡೆದದ್ದು ನನ್ನ ಬಲಗೈಗೆ, ಸ್ವಲ್ಪ ಬಲಗಾಲಿಗೆ. ನಾಲಿಗೆಗೆ ಏನೂ ಆಗಲಿಲ್ಲ. ಹುನಗುಂದ ಕೋರ್ಟಿನಲ್ಲಿ ನನ್ನ ಎದುರು ನಿಂತು ವಾದ ಮಾಡುತ್ತಿದ್ದ ವಕೀಲ ಮಿತ್ರರು ದವಾಖಾನೆಗೆ ಹಣ್ಣು ಹಿಡಿದುಕೊಂಡು ಬಂದರು. ನಾನು ಮೊದಲಿನಷ್ಟೇ ಜೋರಾಗಿ ಮಾತಾಡುವುದನ್ನು ಕೇಳಿ, ಭಾಳ ಸಂತೋಷವಾಯಿತೆಂದು ಹೇಳಿ ಹೋದರು. ಅವರ ಮುಖ ನೋಡಿದರೆ ಹಾಗೇನೂ ಅನ್ನಿಸಲಿಲ್ಲ.

ಕಾಲು ಸ್ವಲ್ಪ ಸೊಟ್ಟಗುಳಿದರೂ ಬೇಗ ಸುಧಾರಿಸಿತು. ಕೈ ಮಾತ್ರ ಮುಷ್ಕರ ಹೂಡಿತು. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತೆ. ಅಂಗಿಯ ಗುಂಡಿ ಹಾಕಲು ಹೆಂಡತಿ ಇದ್ದಳು. ಊಟದ್ದೇ ಕಷ್ಟ. ನಮ್ಮ ಮನೆತನದಲ್ಲಿ ಮದುವೆ, ಹಬ್ಬ ಎಂದರೆ ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸಿ, ಒಂದೇ ದೊಡ್ಡ ತಾಟಿನ ಸುತ್ತ ನಾಲ್ಕೈದು ಜನ ಕೂತು, ಎಲ್ಲರೂ ಅದರಲ್ಲೇ ಕೈಹಾಕಿ ಉಣ್ಣುವ ರೂಢಿ. ಅಂಥ ತಾಟಿಗೆ ಎಡಗೈ ಚಾಚುವುದು ಹೇಗೆ? ಚಾಚಬಾರದೆಂದು ನನಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನೇ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಒಬ್ಬನೇ ಉಣ್ಣತೊಡಗಿದೆ.

ಅಷ್ಟರಲ್ಲಿ ಮಗಳು ಶಾಹಿನಳ ಮದುವೆ ಗೊತ್ತಾಯಿತು. ಬೀಗರು ಬಾದಾಮಿಯವರು, ಸಾಲಿ ಮಾಸ್ತರರು. ಮದುವೆಯ ದಿನ ಗಂಡಿನ ತಂದೆ, ಹೆಣ್ಣಿನ ತಂದೆ ಒಂದೇ ತಾಟಿನಲ್ಲಿ ಉಣ್ಣಬೇಕು. ನಾನು ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತೇನೆ, ಊಟ ಆಮೇಲೆ ನೋಡೋಣ ಎಂದೆ. ಮಗಳಿಗೆ ಅರ್ಥವಾಯಿತು. "ಅಬ್ಬಾ, ನೀವು ಬೀಗರ ಕೂಡ ಕೂಡಲಿಲ್ಲಂದ್ರ ಅವತ್ತ ನಾನೂ ಉಣ್ಣಂಗಿಲ್ಲ," ಎಂದಳು. ಒಂದೇ ಮಾತಿನಲ್ಲಿ ವಾದ ಮುಗಿಸುವುದನ್ನು ಅವಳು ನನ್ನಿಂದಲೇ ಕಲಿತಿದ್ದಾಳೆ.

ನನ್ನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದವಳು ಬಾಗಲಕೋಟೆ ವಿದ್ಯಾಗಿರಿಯ ಫಿಜಿಯೋಥೆರಪಿಸ್ಟ್ ಗಿರಿಜಾ. ನೆದರ್‌ಲ್ಯಾಂಡ್ಸ್ ದೇಶದ ಒಂದು ಸಂಶೋಧನಾ ಕೇಂದ್ರದ ಜೊತೆ ಅವಳ ಕೆಲಸ ನಡೆದಿತ್ತು. ಅಲ್ಲಿ ಲಕ್ವಾ ಹೊಡೆದವರ ಕಣ್ಣಿಗೆ ಡಬ್ಬಿಯಂಥ ಕನ್ನಡಕ ಕಟ್ಟುತ್ತಾರೆ. ಹಾಕಿಕೊಂಡವರಿಗೆ ಇಲ್ಲದ ಲೋಕವೊಂದು ಇರುವಂತೆ ಕಾಣುತ್ತದೆ, ಅದರಲ್ಲಿ ಆಟ ಆಡುತ್ತ ಆಡುತ್ತ ಕೈ ಮತ್ತೆ ಕೆಲಸ ಕಲಿಯುತ್ತದೆ. ಬೇರೆ ದೇಶದವರಿಗೂ ಈ ಆಟ ಒಗ್ಗುತ್ತದೆಯೇ ಎಂದು ನೋಡಲು ಅವರಿಗೊಬ್ಬ ರೋಗಿ ಬೇಕಾಗಿತ್ತು.

"ಬರ್ತೀರೇನ್ರಿ ವಕೀಲ್ರ? ಜೋಡಿಗೆ ಮನಿಯವರೊಬ್ಬರನ್ನ ಕರ್ಕೊಂಡ ಬರ್ರಿ," ಎಂದಳು ಗಿರಿಜಾ.

ಹೆಂಡತಿ ಮದುವೆಯ ತಯಾರಿಯಲ್ಲಿ ಮುಳುಗಿದ್ದಳು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ತಮ್ಮ ದಾವಲ್ ಹೊರಟು ನಿಂತ. ನನಗಿಂತ ಮೊದಲು ಅವನ ಬ್ಯಾಗು ತಯಾರಾಗಿತ್ತು. ಅದರಲ್ಲಿ ಬಟ್ಟೆಗಿಂತ ಕಟಕರೊಟ್ಟಿ, ಶೇಂಗಾ ಚಟ್ನಿಯೇ ಹೆಚ್ಚು.

ಏಣಿಯಂಥ ಮನೆ

ನಾವು ಹೋದ ಊರಿನ ಹೆಸರು ಗಂಟಲು ಸರಿಮಾಡಿಕೊಳ್ಳುವ ಸದ್ದಿನಿಂದ ಶುರುವಾಗುತ್ತದೆ. ನಾನು ಅದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಕುಡಿಯಲು ನೀರು ತಂದುಕೊಡುತ್ತಿದ್ದರು. ಹೀಗಾಗಿ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ರೈಲಿನ ಕಿಟಕಿಯಿಂದ ನೋಡಿದಷ್ಟೂ ಸಪಾಟು ಹಸಿರು, ಕಾಲುವೆ, ಹಸು. ದಾವಲ್‌ಗೆ ಸಮಾಧಾನವಿಲ್ಲ. "ಭಾಯಿ, ಈ ದೇಶದಾಗ ಒಂದ ಗುಡ್ಡ ಇಲ್ಲಲ್ಲೋ. ಹುಡುಗ್ರು ಏನ್ ಏರ್ತಾವು, ಎಲ್ಲಿಂದ ಬೀಳ್ತಾವು?" ಎಂದ. ಸಣ್ಣವರಿದ್ದಾಗ ಬಾದಾಮಿಯ ಕೆಂಪು ಬಂಡೆ ಹತ್ತಿ, ಮಹಾಕೂಟದ ದಾರಿಯ ಗುಡ್ಡದಲ್ಲಿ ಜಾರಿ, ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಬಂದವರು ನಾವು. ಇಷ್ಟು ನುಣ್ಣನೆಯ ನೆಲ ನೋಡಿ ನನ್ನ ಸೊಟ್ಟ ಕಾಲಿಗೆ ಮಾತ್ರ ಖುಷಿಯಾಯಿತು.

ಆ ಖುಷಿ ನಮಗೆ ಕೊಟ್ಟ ಮನೆಯ ಬಾಗಿಲವರೆಗೆ ಉಳಿಯಿತು. ನೆಲದ ಮೇಲೆ ಇಲ್ಲದ ಗುಡ್ಡವನ್ನೆಲ್ಲ ಇವರು ಮನೆಯೊಳಗೆ ಕಟ್ಟಿಕೊಂಡಿದ್ದಾರೆ. ಮನೆ ಬೀರುವಿನಷ್ಟು ಅಗಲ, ಮೆಟ್ಟಿಲು ಏಣಿಯಷ್ಟು ಕಡಿದು, ನಮ್ಮ ಕೋಣೆ ಮೇಲೆ. ನಾನು ಮೆಟ್ಟಿಲ ಮೇಲೆ ಕೂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲಿಗೆ ಕುಂಡಿ ಏರಿಸುತ್ತ ಹೋದೆ. ದಾವಲ್ ಕೆಳಗಿನಿಂದ ನನ್ನ ಕಾಲು ಹಿಡಿದು ತಳ್ಳಿದ. ಮೇಲೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಇಲ್ಲಿಯ ಮನೆಗಳ ನೆತ್ತಿಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ. ಮೆಟ್ಟಿಲ ಮೇಲೆ ಹಾಯದ ಮಂಚ, ಕಪಾಟುಗಳನ್ನು ಹಗ್ಗ ಕಟ್ಟಿ ಆ ಕೊಕ್ಕೆಯಿಂದ ಕಿಟಕಿಗೆ ಎಳೆದುಕೊಳ್ಳುತ್ತಾರೆ. ದಾವಲ್ ಅದನ್ನು ನೋಡಿ ನಮ್ಮ ಜೊತೆ ಬಂದಿದ್ದ ಗಿರಿಜಳನ್ನು ಕೇಳಿದ, "ಅವ್ವಾ, ನಾಳಿಂದ ಭಾಯಿನ್ನ ಅದಕ್ಕ ಕಟ್ಟಿ ಎಳದ್ರ ನಡಿತೈತೇನು?" ಮರುದಿನವೇ ನಮಗೆ ಕೆಳಗಿನ ಕೋಣೆ ಸಿಕ್ಕಿತು.

ಒಂದು ಬಿಸ್ಕೀಟು

ಕೇಂದ್ರದಲ್ಲಿ ನಮ್ಮನ್ನು ಬರಮಾಡಿಕೊಂಡವಳು ಫೆಮ್ಕೆ ಎಂಬ ಸಂಶೋಧಕಿ. ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿ ನಡೆಯುವಷ್ಟು ಎತ್ತರ, ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳುವ ಸ್ವಭಾವ. ಕಾಫಿ ಕೊಟ್ಟಳು. ಬಿಸ್ಕೀಟಿನ ಡಬ್ಬಿ ತೆರೆದು ಎಲ್ಲರ ಮುಂದೆ ಹಿಡಿದಳು. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು. ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿ ಕಪಾಟು ಸೇರಿತು.

"ಒಂದ?" ಎಂದ ದಾವಲ್, ಕಪಾಟನ್ನೇ ನೋಡುತ್ತ. ಇಳಕಲ್ಲಿನ ಅಂಗಡಿಯಲ್ಲಿ ಸೀರೆ ಕೊಳ್ಳದೆ ಎದ್ದುಹೋಗುವವರಿಗೂ ಅವನು ಎರಡು ಸಲ ಚಹಾ ತರಿಸುವವನು.

ಅಲ್ಲಿ ಹೆಂಕ್ ಎಂಬ ಮುದುಕರ ಪರಿಚಯವಾಯಿತು. ಕಾಲುವೆಯ ಸೇತುವೆಯ ಪಕ್ಕ ಕೂತು, ದೋಣಿ ಬಂದಾಗ ಸೇತುವೆ ಎತ್ತುವುದು ಅವರ ನೌಕರಿಯಾಗಿತ್ತು. ನನ್ನಂತೆಯೇ ಬಲಗೈ ಬಿದ್ದುಹೋಗಿತ್ತು. ಒಂದು ದಿನ ನಮ್ಮ ಮನೆಗೆ ಬನ್ನಿ ಎಂದೆ. ಅವರು ಜೇಬಿನಿಂದ ಮೊಬೈಲು ತೆಗೆದು, ಮುಂದಿನ ವಾರ ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಕೇಳಿದರು. ಹುನಗುಂದ ಕೋರ್ಟಿನಲ್ಲಿ ತಾರೀಖು ಕೊಡುವುದಕ್ಕೂ ಇಷ್ಟು ಶಿಸ್ತಿಲ್ಲ.

ಎರಡೂ ಕೈಗೆ ಸೊನ್ನೆ

ಗಿರಿಜಳನ್ನು ಎರಡು ದಿನ ಬೇರೆ ಕಟ್ಟಡದ ಕೆಲಸಕ್ಕೆ ಕರೆದಿದ್ದರು. ಫೆಮ್ಕೆ ನನ್ನ ಕಣ್ಣಿಗೆ ಕನ್ನಡಕ ಕಟ್ಟಿದಳು. ಮೊದಲು ತಲೆ ಗಿರ್ರೆಂದಿತು. ಆಮೇಲೆ ನೋಡಿದರೆ ನಾನೊಂದು ಊಟದ ಮೇಜಿನ ಮುಂದೆ ಕೂತಿದ್ದೇನೆ. ಸುತ್ತ ಜನ. ನನ್ನ ಮುಂದೆ ಬ್ರೆಡ್ಡಿನ ಬುಟ್ಟಿ. ಎದುರಿಗೆ ಎರಡು ಜಡೆಯ ಸಣ್ಣ ಹುಡುಗಿ ಕೈಚಾಚಿ ನನ್ನನ್ನೇ ನೋಡುತ್ತಿದ್ದಾಳೆ. ಅಭ್ಯಾಸಬಲದಿಂದ ಎಲ್ಲರಿಗೂ ಸಲಾಂ ಹೇಳಿದೆ.

"ಎಲ್ಲರಿಗೂ ಬ್ರೆಡ್ಡು ಹಂಚಿ. ಮೊದಲು ಒಳ್ಳೆಯ ಕೈಯಿಂದ, ಆಮೇಲೆ ಇನ್ನೊಂದರಿಂದ," ಎಂದಳು ಫೆಮ್ಕೆ ಇಂಗ್ಲಿಷಿನಲ್ಲಿ.

ನಾನು ಎಡಗೈ ಎತ್ತಲಿಲ್ಲ. ಅವಳು ಮತ್ತೆ ಹೇಳಿದಳು. ನಾನು ವಿನಯದಿಂದ "ಯೆಸ್, ಯೆಸ್" ಎಂದೆ. ರೋಗಿಗೆ ಸಂಕೋಚವಾಗಬಾರದೆಂದು ಎಡಗೈಯೂ ನಡೆಯುತ್ತದೆ ಅನ್ನುತ್ತಿದ್ದಾಳೆ, ಒಳ್ಳೆಯ ಮನಸ್ಸು ಎಂದುಕೊಂಡೆ. ಹಾಗಂತ ಮಂದಿಗೆ ಎಡಗೈಯಲ್ಲಿ ಊಟ ಹಂಚಲಾದೀತೇ? ಪರದೆಯಲ್ಲಿ ನೋಡುತ್ತಿದ್ದ ದಾವಲ್ ಕೂಡ ಹಿಂದಿನಿಂದ, "ಎಡಗೈ ಮುಂದ ಮಾಡಬ್ಯಾಡ ಭಾಯಿ, ಮಂದಿ ಕುಂತಾರ," ಎಂದು ಎಚ್ಚರಿಸಿದ. ಬಲಗೈಯನ್ನು ಎತ್ತಲು ಬೆವರಿಳಿಯುವಷ್ಟು ಹೆಣಗಿದೆ. ಅದು ಜಪ್ಪಯ್ಯ ಅನ್ನಲಿಲ್ಲ. ಹುಡುಗಿಗೆ ಬ್ರೆಡ್ಡು ಸಿಗಲೇ ಇಲ್ಲ.

ಕನ್ನಡಕ ತೆಗೆದಾಗ ಫೆಮ್ಕೆಯ ಮುಖ ಬಿಳುಪೇರಿತ್ತು. ಕಂಪ್ಯೂಟರು ಎರಡೂ ಕೈಗೆ ಸೊನ್ನೆ ಕೊಟ್ಟಿತ್ತು. "ನಿಮ್ಮ ಎಡಗೈಗೂ ತೊಂದರೆ ಇರಬಹುದು. ಪರೀಕ್ಷೆ ಮಾಡಿಸಬೇಕು," ಎಂದು ಮುಖಕ್ಕೇ ಹೇಳಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮರುದಿನ ಒಬ್ಬ ಡಾಕ್ಟರು ನನ್ನ ಎಡಗೈಯನ್ನು ಸಣ್ಣ ಸುತ್ತಿಗೆಯಿಂದ ಬಡಿದರು, ಚುಚ್ಚಿದರು, ತಿರುವಿದರು. ನನಗೂ ಅನುಮಾನ ಶುರುವಾಯಿತು. ಇದೂ ಹೋದರೆ ಗತಿಯೇನು? ಕೂತಲ್ಲಿ ನಿಂತಲ್ಲಿ ಎಡಗೈ ಮುಷ್ಟಿ ಕಟ್ಟಿ ಬಿಟ್ಟು, ಕಿವಿ ಹಿಡಿದು ನೋಡಿಕೊಂಡೆ. ಕೈ ಗಟ್ಟಿಯಾಗಿತ್ತು, ಕಿವಿ ಕೆಂಪಾಯಿತು.

ಸುದ್ದಿ ತಿಳಿದು ಗಿರಿಜಾ ಓಡಿಬಂದಳು. "ವಕೀಲ್ರ, ಎಡಗೈ ಯಾಕ ಎತ್ತಲಿಲ್ರಿ?"

"ಎಡಗೈಲೆ ರೊಟ್ಟಿ ಹೆಂಗ ಕೊಡ್ಲೆವಾ?"

"ಅದು ಆಟ ಐತ್ರಿ!"

"ಆಟ ಇರ್ಲಿ. ಕೂಸು ನನ್ನ ಮಾರಿನ ನೋಡಾಕತ್ತಿತ್ತು."

ಗಿರಿಜಾ ಅಲ್ಲೇ ಕುರ್ಚಿಯಲ್ಲಿ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಫೆಮ್ಕೆಗೆ ವಿವರಿಸಿದಳು. ಫೆಮ್ಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಖುಷಿಯಿಂದ ನನ್ನ ಎಡಗೈಯನ್ನೇ ಹಿಡಿದು ಕುಲುಕಿದಳು. ತಾನು ಖರೆಯಾಗಿಯೂ ಅಲ್ಲೇ ಇದ್ದೇನೆ ಎಂದು ರೋಗಿಗೆ ಅನ್ನಿಸಬೇಕು, ಅದಕ್ಕಾಗಿಯೇ ಅವರು ವರ್ಷಗಟ್ಟಲೆ ಹೆಣಗುವುದಂತೆ. ಹಾಗನ್ನಿಸಿದರೆ ವ್ಯಾಯಾಮದ ಬೇಸರ ಮರೆತು ಕೈ ತಾನಾಗಿ ದುಡಿಯುತ್ತದೆ. ಬೊಂಬೆಗಳ ಮುಂದೆ ಮರ್ಯಾದೆ ಕಾಪಾಡಿಕೊಂಡ ರೋಗಿ ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ.

ಕರಿಕೋಟಿನ ತೋಳು

ಆಟವನ್ನು ನನಗಾಗಿ ತಿದ್ದಿದರು. ಈಗ ನಾನು ಎಡಗೈ ಎತ್ತಿದರೆ ಕನ್ನಡಕದೊಳಗೆ ಬಲಗೈ ಏಳುತ್ತದೆ. ಹಿಂದೆ ಕನ್ನಡಿ ಇಟ್ಟುಕೊಂಡು ಮಾಡಿಸುತ್ತಿದ್ದ ಚಿಕಿತ್ಸೆಯ ಹೊಸ ರೂಪ ಇದು ಎಂದಳು ಗಿರಿಜಾ. ಬಲಗೈ ಎದ್ದದ್ದನ್ನು ಕಣ್ಣು ನೋಡುತ್ತದೆ, ಮಿದುಳು ನಂಬುತ್ತದೆ, ಮಲಗಿದ ಕೈಗೆ ಮೆಲ್ಲಗೆ ಕರೆ ಹೋಗುತ್ತದೆ. ಕಾನೂನಿನ ಭಾಷೆಯಲ್ಲಿ ಇದು ಶುದ್ಧ ಸುಳ್ಳು ಸಾಕ್ಷಿ. ಆದರೂ ಕಕ್ಷಿದಾರನಿಗೆ ಲಾಭವಾಗುವುದಾದರೆ ನಾನು ತಕರಾರು ಮಾಡುವವನಲ್ಲ.

ಮೊದಲ ಸಲ ಎದ್ದ ಕೈ ಮೂಲಂಗಿಯಷ್ಟು ಬೆಳ್ಳಗಿತ್ತು. "ಇದು ನನ್ನ ಕೈಯಲ್ಲ," ಎಂದೆ. ಬಣ್ಣ ಬದಲಿಸಿದರು. ಇನ್ನೂ ಯಾರದೋ ಕೈ. ದಾವಲ್ ಪರದೆಯ ಹತ್ತಿರ ಹೋಗಿ ದಿಟ್ಟಿಸಿ, "ಗಿರಿಜವ್ವಾ, ಭಾಯಿಗೆ ಕರಿ ಕೋಟ್ ಹಾಕ್ರಿ. ಕೋಟ್ ಇಲ್ದ ಅಂವಂಗ ತನ್ನ ಗುರ್ತ ತನಗ ಹತ್ತಂಗಿಲ್ಲ," ಎಂದ. ತಮಾಷೆಗೆ ಅಂದದ್ದನ್ನು ಅವರು ಹಾಗೆಯೇ ಮಾಡಿದರು.

ಕರಿಕೋಟಿನ ತೋಳಿನಿಂದ ಹೊರಬಂದ ಬಲಗೈ ಬುಟ್ಟಿಗೆ ಹೋಯಿತು. ಬ್ರೆಡ್ಡು ಎತ್ತಿ ಆ ಹುಡುಗಿಯ ಕೈಯಲ್ಲಿಟ್ಟಿತು. ಅವಳು ನಕ್ಕಳು. ನನಗೆ ಅಳು ಬಂತು. ಕನ್ನಡಕದೊಳಗೆ ಅತ್ತರೆ ಒರೆಸಿಕೊಳ್ಳಲಾಗುವುದಿಲ್ಲ, ಗಾಜೆಲ್ಲ ಮಂಜಾಯಿತು. ಆಮೇಲೆ ದಿನವೂ ಹಂಚಿದೆ. ಒಂದು ಮುಂಜಾನೆ ದಾವಲ್ ಕೂಗಿಕೊಂಡ. ಮೇಜಿನ ಕೆಳಗೆ, ನನ್ನ ತೊಡೆಯ ಮೇಲೆ ಬಿದ್ದಿದ್ದ ಖರೆ ಬಲಗೈಯ ಬೆರಳುಗಳೂ ಮುಚ್ಚಿಕೊಳ್ಳುತ್ತಿದ್ದವು.

ವಿದ್ವಾಂಸರ ಸಂತೆ

ಅದೇ ವಾರ ಬೇರೆ ಬೇರೆ ದೇಶದ ಸಂಶೋಧಕರ ಸಭೆ ಇತ್ತು. ಅವತ್ತು ಅಲ್ಲಿ ಯಾರದೋ ಹುಟ್ಟುಹಬ್ಬ. ಇಲ್ಲಿ ಹುಟ್ಟಿದವರಿಗಷ್ಟೇ ಅಲ್ಲ, ಅವರ ಹತ್ತಿರ ಕೂತವರಿಗೆಲ್ಲ ಅಭಿನಂದನೆ ಹೇಳುತ್ತಾರೆ. ಹತ್ತಾರು ಜನ ದಾವಲ್‌ನ ಕೈ ಕುಲುಕಿದರು. "ನಾ ಏನ್ ಮಾಡೇನ್ರಿ?" ಎಂದು ಅವನು ಗಾಬರಿಯಾದ.

ಸಭೆಯಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ಈ ಯಂತ್ರಗಳು ಒಂದು ಕೋಣೆ ತುಂಬುವಷ್ಟು ದೊಡ್ಡವಾಗಿದ್ದವು, ಈಗ ಜೋಳಿಗೆಯಲ್ಲಿ ಹಿಡಿಸುತ್ತವೆ. ಮೊದಲು ಆಕಾಶದಲ್ಲಿ ಕಲ್ಲು ಹೊಡೆಯುವಂಥ ಆಟಗಳಿದ್ದವು, ಈಗ ಅಡುಗೆ, ಸಂತೆ, ಬಸ್ಸು ಹತ್ತುವುದು ಇಂಥ ದಿನದ ಕೆಲಸಗಳತ್ತ ಎಲ್ಲರೂ ಹೊರಳಿದ್ದಾರೆ. ಮುಟ್ಟಿದ್ದು ಬೆರಳಿಗೆ ಗೊತ್ತಾಗುವ ಕೈಗವಸೊಂದನ್ನು ಒಬ್ಬರು ತೋರಿಸಿದರು. ನಾನು ಹಾಕಿಕೊಂಡು ಇಲ್ಲದ ಟೊಮೆಟೊ ಹಿಚುಕಿದೆ. ರೋಗಿ ತನ್ನ ಮನೆಯಲ್ಲೇ ಕನ್ನಡಕ ಹಾಕಿಕೊಂಡರೆ ದೂರದ ಊರಿನಿಂದ ನೋಡಿ ತಿದ್ದುವ ಏರ್ಪಾಟಿನ ಬಗ್ಗೆ ಗಿರಿಜಾ ಮಾತಾಡಿದಳು. ಹಳ್ಳಿಯಿಂದ ಬಾಗಲಕೋಟೆಗೆ ಬಸ್ಸು ಬದಲಿಸಿ ಬರಲಾರದೆ ವ್ಯಾಯಾಮ ಬಿಟ್ಟವರ ವಿಷಯ ಹೇಳುವಾಗ ಅವಳ ದನಿ ಏರಿತು. ನಾನು ಎಡಗೈಯಿಂದ ಮೇಜು ಬಡಿದು ಚಪ್ಪಾಳೆ ಕೊಟ್ಟೆ.

ಕೊನೆಗೆ ಬಿಳಿಗಡ್ಡದವರೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ಕನ್ನಡಕದೊಳಗೆ ಕಲಿತ ಕೈ ಕನ್ನಡಕದ ಹೊರಗೂ ಕೆಲಸ ಮಾಡುತ್ತದೆಯೇ? ಆಟದಲ್ಲಿ ಗೆದ್ದವರು ಅಡುಗೆಮನೆಯಲ್ಲಿ ಗೆದ್ದರೇ? ಕೆಲವರಲ್ಲಿ ಕಂಡಿದೆ, ಕೆಲವರಲ್ಲಿ ಇಲ್ಲ, ಇನ್ನೂ ನೋಡಬೇಕು ಎಂದು ಫೆಮ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೇಜಿನ ಮೇಲೆ ಕಾಫಿಯ ಜೊತೆ ಕೊಟ್ಟ ಬಿಸ್ಕೀಟು ಇತ್ತು. ಯಾರೂ ನೋಡದ ಹಾಗೆ ಬಲಗೈ ಚಾಚಿದೆ. ಬೆರಳು ಅದನ್ನು ಹಿಡಿದವು. ಎತ್ತಿದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಕೈ ನಡುಗಿ, ಬಿಸ್ಕೀಟು ಕಾಫಿಯಲ್ಲಿ ಬಿತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಕೋರ್ಟಿನಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಅದರ ರುಚಿ ಅವತ್ತು ಗೊತ್ತಾಯಿತು. ಬೀಗರ ತಾಟಿನ ಮುಂದೆ ಹೀಗಾದರೆ ಏನು ಗತಿ ಎಂದು ಮನಸ್ಸು ಕುಗ್ಗಿತು. ದಾವಲ್‌ಗೆ ಹೇಳಿದೆ, "ಮದಿವಿ ದಿನ ನಾ ಬಾಗಲ್ದಾಗ ನಿಂದರ್ತೇನಿ, ಅಷ್ಟ."

ಒಲೆಯ ಟ್ರೇ

ಹೊರಡುವ ಮುನ್ನಾದಿನ ಮಧ್ಯಾಹ್ನ, ಕೊಟ್ಟ ಹೊತ್ತಿಗೆ ಸರಿಯಾಗಿ, ಹೆಂಕ್ ನಮ್ಮ ಮನೆಗೆ ಬಂದರು. ಗಿರಿಜಾ, ಫೆಮ್ಕೆ ಕೇಂದ್ರದಲ್ಲಿ ಕೆಲಸ ಮುಗಿಸುತ್ತಿದ್ದರು. ದಾವಲ್ ಟರ್ಕಿಯವರ ಅಂಗಡಿಯಿಂದ ಮಾಂಸ, ಅಕ್ಕಿ ತಂದು ಪಲಾವ್ ಮಾಡುತ್ತಿದ್ದ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಮಾಳಿಗೆಗೆ ಅಂಟಿಸಿದ್ದ ಹೊಗೆಯ ಗಂಟೆ ಕಿವಿ ತೂತಾಗುವಂತೆ ಬಡಿದುಕೊಂಡಿತು. ದಾವಲ್ ಟವೆಲು ಬೀಸಿ ಅದನ್ನು ಸುಮ್ಮನಾಗಿಸಲು ಹೋದ. ಅಕ್ಕಪಕ್ಕದವರು ಪರದೆಯಿಲ್ಲದ ತಮ್ಮ ದೊಡ್ಡ ಕಿಟಕಿಗಳಿಂದ ಅವನ ಕುಣಿತ ನೋಡಿದರು.

ಅಷ್ಟು ದೊಡ್ಡ ತಾಟು ಆ ಮನೆಯಲ್ಲಿರಲಿಲ್ಲ. ಬ್ರೆಡ್ಡು ಬೇಯಿಸುವ ಒಲೆಯ ಕರಿ ಟ್ರೇಯನ್ನೇ ಹೊರಗೆಳೆದು, ನೆಲಕ್ಕೆ ಚಾದರ ಹಾಸಿ, ಪಲಾವ್ ಸುರಿದ. ಹೆಂಕ್ ತಮ್ಮ ಉದ್ದನೆಯ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ದಿಂಬಿನ ಮೇಲೆ ಕೂತರು. ನಾನು ಎಂದಿನಂತೆ ನನ್ನ ಬಟ್ಟಲು, ಚಮಚ ತೆಗೆದುಕೊಂಡು ಮೂಲೆಗೆ ಹೊರಟೆ.

ಹೆಂಕ್ ಎಡಗೈ ಚಾಚಿ ಟ್ರೇಯಿಂದ ಒಂದು ಹಿಡಿ ಅನ್ನ ಎತ್ತಿದರು.

ನಾನು ದಾವಲ್‌ನ ಮುಖ ನೋಡಿದೆ. ನಮ್ಮ ಮನೆಯಲ್ಲಿ ಊಟದ ರೀತಿ ನೀತಿಗೆ ಅವನಷ್ಟು ಕಟ್ಟುನಿಟ್ಟಿನವರು ಯಾರೂ ಇಲ್ಲ. ಅವನು ಟ್ರೇಯಲ್ಲಿದ್ದ ಎಲ್ಲಕ್ಕಿಂತ ಮೆತ್ತಗಿನ ಮಾಂಸದ ತುಂಡು ಹುಡುಕಿ, ಹೆಂಕರ ಎಡಗೈಗೆ ಹತ್ತಿರವಾಗುವ ಹಾಗೆ ಸರಿಸಿಟ್ಟ.

"ಅಲ್ಲೋ, ಅವ್ರು ಎಡಗೈಲೆ..." ಎಂದೆ.

"ಅವ್ರಿಗೆ ಇರೂದ ಆ ಕೈ. ಮತ್ತ ಯಾ ಕೈಲೆ ಉಣಬೇಕು?" ದಾವಲ್ ಕೈಯಲ್ಲಿದ್ದ ಅನ್ನ ಟ್ರೇಗೆ ಬಿಟ್ಟು ನನ್ನ ಕಡೆ ತಿರುಗಿದ. "ಭಾಯಿ, ನಿಂಗ ಯಾರರ ಬ್ಯಾಡ ಅಂದ್ರೇನು? ನೀನ ಹೋಗಿ ಬಾಗಲಾ ಹಾಕ್ಕೊಂಡಿ. ಹಬ್ಬದಾಗ ನಿನ್ನ ಜಾಗಾ ಬಿಟ್ಟ ಕುಂತೇವಿ ನಾವು. ನೀ ಬರಲಿಲ್ಲ."

ಪಾಟೀಸವಾಲು ಮಾಡದೆ ಬಟ್ಟಲು, ಚಮಚ ಕೆಳಗಿಟ್ಟೆ. ನಮ್ಮ ಮಾತು ತಿಳಿಯದ ಹೆಂಕ್, ಮೆಣಸಿನಕಾಯಿಯ ಖಾರಕ್ಕೆ ಕೆಂಪಾಗಿ, ಸರಿದು ಕೂತು ನನಗೆ ಜಾಗ ಮಾಡಿದರು. ಕೂತೆ. ಬಲಗೈ ಹಾಕಿದೆ. ಬೆರಳು ಅನ್ನ ಹಿಡಿದವು, ಕೈ ನಡುಗಿತು, ಅರ್ಧ ಬಾಯಿಗೆ, ಅರ್ಧ ಗಡ್ಡಕ್ಕೆ. ಎಷ್ಟೋ ತಿಂಗಳ ಮೇಲೆ ತಮ್ಮನ ಜೊತೆ ಒಂದೇ ಕಡೆ ಉಂಡೆ. ಅನ್ನ ಸ್ವಲ್ಪ ಸೀದಿತ್ತು, ಅಷ್ಟು ರುಚಿಯ ಪಲಾವ್ ನಾನು ಉಂಡಿಲ್ಲ.

ಇಳಕಲ್

ಕನ್ನಡಕವೊಂದನ್ನು ಕೇಂದ್ರದವರು ಗಿರಿಜಳ ಕೈಯಲ್ಲಿ ಕಳಿಸಿದ್ದರು. ಹುನಗುಂದದ ಮನೆಯಲ್ಲಿ ಕೂತು ನಾನು ಬ್ರೆಡ್ಡು ಹಂಚುವುದು, ವಿದ್ಯಾಗಿರಿಯಿಂದ ಅವಳು ಫೋನಿನಲ್ಲಿ ನೋಡಿ, "ಭುಜಾ ಎತ್ತಬ್ಯಾಡ್ರಿ ವಕೀಲ್ರ, ಕೈಯಷ್ಟ ಚಾಚ್ರಿ," ಎಂದು ತಿದ್ದುವುದು, ಹೀಗೆ ಮದುವೆಯವರೆಗೂ ನಡೆಯಿತು. ಕೈ ಪೂರ್ತಿ ಬಂದಿತೇ ಎಂದು ಕೇಳಬೇಡಿ. ಬಂದಿಲ್ಲ. ಭಾರವಾದದ್ದನ್ನು ಈಗಲೂ ಬೀಳಿಸುತ್ತದೆ, ದಣಿದರೆ ಮಲಗಿಬಿಡುತ್ತದೆ.

ಇಳಕಲ್ಲಿನ ಮದುವೆ ಹಾಲಿನಲ್ಲಿ ದಸ್ತರಖಾನ್ ಹಾಸಿದರು. ನಾನು ಬಾಗಿಲ ಕಡೆ ಹೋಗಲಿಲ್ಲ. ಬೀಗರ ಪಕ್ಕದಲ್ಲಿ ಕೂತೆ. ಎದುರಿಗೆ ದಾವಲ್, ಆಚೀಚೆ ಬೀಗರ ಕಡೆಯ ಇಬ್ಬರು ಹಿರಿಯರು, ನಡುವೆ ಹೊಗೆಯಾಡುವ ಒಂದೇ ತಾಟು. ಎಲ್ಲರೂ ಬಿಸ್ಮಿಲ್ಲಾ ಹೇಳಿದರು. ಬಲಗೈ ಹೊರಟಿತು. ಅನ್ನ ಹಿಡಿಯಿತು. ಎದೆಯ ಮಟ್ಟಕ್ಕೆ ಬಂದಾಗ ನಡುಕ ಶುರುವಾಯಿತು. ನಾಲ್ಕು ಜನರ ಎದುರಿಗೆ ನಾಚಿಕೆ ಬಿಟ್ಟು ಎಡಗೈ ತಂದು, ಬಲಗೈಯ ಮಣಿಕಟ್ಟು ಹಿಡಿದೆ. ಎರಡೂ ಕೂಡಿ ಹೇಗೋ ಬಾಯಿ ಮುಟ್ಟಿಸಿದವು. ಮುಟ್ಟದೆ ಉಳಿದದ್ದು ಜಾರಿ, ಬೀಗರ ಮುಂದಿನ ಬಟ್ಟೆಯ ಮೇಲೆ ಚೆಲ್ಲಿತು. ನನಗೆ ಕತ್ತೆತ್ತಲು ಆಗಲಿಲ್ಲ.

ಬೀಗರು ಮಾತು ನಿಲ್ಲಿಸಲಿಲ್ಲ. ಅವರ ಸಾಲಿಯ ಮಾಳಿಗೆ ಸೋರುವುದರ ಬಗ್ಗೆ ದಾವಲ್‌ಗೆ ಏನೋ ಹೇಳುತ್ತಿದ್ದರು. ಹೇಳುತ್ತಲೇ, ನನ್ನ ಕೈಯಿಂದ ಬಿದ್ದ ಅಗುಳುಗಳನ್ನು ಬಟ್ಟೆಯ ಮೇಲಿನಿಂದ ಒಂದೊಂದಾಗಿ ಆರಿಸಿ, ಬಾಯಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡಿ ಅಂದರು, "ತಗೋರಿ ವಕೀಲ್ರ, ಅನ್ನ ಆರಾಕತ್ತೈತಿ."